ಪಟ್ಟಿ ಬಿಚ್ಚಿದ ಚುಟ್ಟ

"ಗುರುಗಳೇ, ಪಕ್ಷಪಾತವಿಲ್ಲದೆ ತೂಗಿ ನೋಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಪಾಠಶಾಲೆಯ ಎಂಟು ಮಂದಿ ಬರೆದ ವ್ಯಾಖ್ಯಾನಗಳನ್ನು ಓದಿ, ಅವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಎಂಟು ಮಂದಿಯಲ್ಲಿ ಒಬ್ಬ ಅವನ ಆಪ್ತ. ಇನ್ನೊಬ್ಬನೊಡನೆ ಮಾತು ಬಿಟ್ಟು ವರ್ಷವಾಗಿತ್ತು.

"ಹೆಸರುಗಳನ್ನು ಮುಚ್ಚಿಟ್ಟು ಓದಿದರೆ ಸಾಕಲ್ಲವೇ?" ಎಂದೂ ಕೇಳಿದ.

"ಚುಟ್ಟ ಸೇದುವವರ ಕತೆಯೊಂದಿದೆ, ಕೇಳು" ಎಂದರು ಗುರುಗಳು.

ಶಿಷ್ಯನಿಗೆ ನಗು ಬಂತು.

"ನಗಬೇಡ. ಆ ಹೊಗೆ ನನಗೂ ಆಗದು. ಅದು ಒಳ್ಳೆಯದೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಇಲ್ಲಿಗೆ ಬರುವ ಮೊದಲು ನಾನಿದ್ದದ್ದು ಹೊಗೆಸೊಪ್ಪಿನ ಊರಿನಲ್ಲಿ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ" ಎಂದು ಗುರುಗಳು ಕತೆ ಶುರುಮಾಡಿದರು.

ಆ ಊರಿನಲ್ಲಿ ಒಬ್ಬ ವರ್ತಕನಿದ್ದ. ಚುಟ್ಟ ಮಾಡಿಸಿ ಮಾರುವುದು ಅವನ ಮನೆತನದ ಕಸುಬು. ಅವನ ಅಂಗಡಿಯಿಂದ ಹೊರಡುವ ಪ್ರತಿ ಚುಟ್ಟಕ್ಕೂ ಒಂದು ಕೆಂಪು ಕಾಗದದ ಪಟ್ಟಿ ಸುತ್ತಿರುತ್ತಿತ್ತು. ಪಟ್ಟಿಯ ಮೇಲೆ ಅವನ ಅಜ್ಜನ ಹೆಸರು. ಆ ಹೆಸರು ನೋಡಿಯೇ ಜನ ಕೊಳ್ಳುತ್ತಿದ್ದರು.

ಆದರೆ ಅವನಿಗೆ ಚುಟ್ಟ ಬರಿಯ ವ್ಯಾಪಾರವಾಗಿರಲಿಲ್ಲ. ಅದರ ಮೇಲೆ ಅವನಿಗೆ ಪ್ರೀತಿಯಿತ್ತು. ಅಂಥದೇ ಪ್ರೀತಿಯ ಮೂವರು ಗೆಳೆಯರಿದ್ದರು. ಒಬ್ಬರು ಶಾಲೆಯ ಮೇಷ್ಟ್ರು, ಒಬ್ಬ ವೈದ್ಯ, ಇನ್ನೊಬ್ಬ ರೈತ. ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ನಾಲ್ವರೂ ವೈದ್ಯನ ಮನೆಯ ಜಗಲಿಯಲ್ಲಿ ಕೂಡುತ್ತಿದ್ದರು.

ಅವರದೊಂದು ಕ್ರಮವಿತ್ತು. ಮೇಷ್ಟ್ರು ಬೇರೆ ಬೇರೆ ಕಡೆಯಿಂದ ಐದು ಬಗೆಯ ಚುಟ್ಟ ತರುತ್ತಿದ್ದರು. ಪಟ್ಟಿಗಳನ್ನೆಲ್ಲ ಬಿಚ್ಚಿ, ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟುತ್ತಿದ್ದರು. ಯಾವುದು ಯಾರದ್ದೆಂದು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಂದು ತಾವು ಮಾತ್ರ ಸೇದುತ್ತಿರಲಿಲ್ಲ. ಹೆಸರು ಗೊತ್ತಿರುವ ನಾಲಿಗೆ ಸಾಕ್ಷಿ ಹೇಳಬಾರದು ಎನ್ನುತ್ತಿದ್ದರು.

ಮಿಕ್ಕ ಮೂವರು ಸೇದುತ್ತಿದ್ದರು. ಅರ್ಧದವರೆಗೆ ಸೇದಿ ಬಿಡುವುದು ರೂಢಿ. ಒಂದು ಮುಗಿದ ಮೇಲೆ ಬಾಯಿ ಮುಕ್ಕಳಿಸಿ, ನಾಲ್ಕು ಕಾಳು ಮಂಡಕ್ಕಿ ಅಗಿದು, ಇನ್ನೊಂದಕ್ಕೆ ಕಿಡಿ ತಾಗಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹೊಗೆ ಸಲೀಸಾಗಿ ಬಂತೇ, ಉರಿ ಒಂದೇ ಸಮ ಇಳಿಯಿತೇ, ಬೂದಿ ನಿಂತಿತೇ, ಮೊದಲು ಬಂದ ವಾಸನೆ ಯಾವುದು, ಕೊನೆಗೆ ಉಳಿದದ್ದು ಯಾವುದು, ಎಲ್ಲವನ್ನೂ ತಮ್ಮ ತಮ್ಮ ಚೀಟಿಯಲ್ಲಿ ಬರೆಯುತ್ತಿದ್ದರು. ವೈದ್ಯ ಹಳೆಯ ಬೆಲ್ಲ ಎಂದು ಬರೆದರೆ ರೈತ ಹೊಲದ ಬದುವಿನ ಹುಲ್ಲು ಎಂದು ಬರೆಯುತ್ತಿದ್ದ. ಚೀಟಿಗಳನ್ನು ಮೇಷ್ಟ್ರ ಕೈಗೆ ಕೊಟ್ಟ ಮೇಲೆಯೇ ಮಾತು. ಆಗ ಹುರಿದ ಕಡಲೆಯ ವಾಸನೆಯೋ ಹುರಿದ ಶೇಂಗಾದ ವಾಸನೆಯೋ ಎಂದು ಸಂಜೆಯವರೆಗೆ ವಾದ ನಡೆಯುತ್ತಿತ್ತು. ಒಂದು ಎಲೆಯ ಬಗ್ಗೆ ಅಷ್ಟು ಗಮನ ಕೊಟ್ಟು ಕೂತ ಜನರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಜಪಕ್ಕೆ ಕೂತವರಲ್ಲೂ ಕಾಣಲಿಲ್ಲ.

ಕೊನೆಗೆ ಮೇಷ್ಟ್ರು ಹೆಸರುಗಳನ್ನು ಓದುತ್ತಿದ್ದರು. ಆಮೇಲೆ ಚೀಟಿಗಳನ್ನು ಹಿಂದಕ್ಕೆ ಕೊಟ್ಟರೆ, ಪ್ರತಿಯೊಬ್ಬನೂ ತಾನು ಬರೆದದ್ದನ್ನು ತಾನೇ ಓದಬೇಕು. ಮೊದಲ ಸ್ಥಾನ ಯಾವುದಕ್ಕೆ ಬಂತು ಎಂಬುದನ್ನು ಮೇಷ್ಟ್ರು ಮರುದಿನ ಪೇಟೆಯ ಬಾಗಿಲ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಅಂಗಡಿಯವರು ಅದನ್ನು ನೋಡಿ ಸರಕು ತರಿಸುತ್ತಿದ್ದರು. ಆ ಹಲಗೆಗೆ ಅಷ್ಟು ಬೆಲೆಯಿತ್ತು.

ವರ್ತಕನ ಅಂಗಡಿಯಲ್ಲಿ ಯಮನವ್ವ ಎಂಬ ಹೆಂಗಸು ಹನ್ನೊಂದು ವರ್ಷ ಚುಟ್ಟ ಸುತ್ತಿದ್ದಳು. ಒಳ್ಳೆಯ ಗಿರಾಕಿಗೆ ಹೋಗುವ ಮಾಲು ಅವಳ ಕೈಯದೇ. ವರ್ತಕ ತಾನು ಸೇದಲು ಇಟ್ಟುಕೊಳ್ಳುತ್ತಿದ್ದದ್ದೂ ಅವಳು ಸುತ್ತಿದ್ದನ್ನೇ.

ಒಂದು ವರ್ಷ ಹೊರಗಿನಿಂದ ದೊಡ್ಡ ಬೇಡಿಕೆ ಬಂತು. ಹದವಾಗಲೆಂದು ಒಟ್ಟಿದ್ದ ಹೊಗೆಸೊಪ್ಪಿನ ಎಲೆಯ ರಾಶಿ ಮಾಗಲು ಇನ್ನೂ ಸಮಯ ಬೇಕಿತ್ತು. ವರ್ತಕನಿಗೆ ಅವಸರ. ರಾಶಿ ಕೆಡವಿಸಿ ಎಲೆಯನ್ನು ಸುತ್ತುವವರ ಮುಂದೆ ಹಾಕಿಸಿದ. ಯಮನವ್ವ ಒಂದು ಎಲೆ ಎತ್ತಿ ಮೂಸಿ ನೋಡಿ ಕೆಳಗಿಟ್ಟಳು.

"ಇದು ಇನ್ನೂ ಹದಕ್ಕೆ ಬಂದಿಲ್ಲ ಸಾವ್ಕಾರ್ರೆ. ಇದನ್ನು ಸುತ್ತಲಾರೆ."

"ಸುತ್ತುವುದು ನಿನ್ನ ಕೆಲಸ. ಎಲೆ ನೋಡುವುದು ನನ್ನ ಕೆಲಸ" ಎಂದ ವರ್ತಕ.

ಅವಳು ಎಲೆ ಕೊಯ್ಯುವ ಚಾಕುವನ್ನು ಒರೆಸಿ ಇಟ್ಟು ಎದ್ದು ಹೋದಳು. ಇಪ್ಪತ್ತು ಜನರ ಎದುರಿಗೆ ಹೀಗಾದದ್ದು ವರ್ತಕನಿಗೆ ನಾಟಿತು. ಸಂಜೆ ಪೇಟೆಯಲ್ಲಿ, "ಅವಳ ಕೈಯಲ್ಲಿ ಏನಿತ್ತು? ನನ್ನ ಎಲೆ ಒಳ್ಳೆಯದಿತ್ತು, ಅದಕ್ಕೆ ಚುಟ್ಟ ಒಳ್ಳೆಯದಾಗುತ್ತಿತ್ತು" ಎಂದುಬಿಟ್ಟ. ದೊಡ್ಡವರ ಮಾತು ಬೇಗ ಹಬ್ಬುತ್ತದೆ. ಯಾವ ಅಂಗಡಿಯೂ ಅವಳ ಚುಟ್ಟವನ್ನು ಇಟ್ಟುಕೊಳ್ಳಲಿಲ್ಲ. ಅವಳು ಮನೆಯಲ್ಲೇ ಅಷ್ಟಿಷ್ಟು ಸುತ್ತಿ, ಸೇತುವೆಯ ಬಳಿ ನಿಲ್ಲುವ ಗಾಡಿಯವರಿಗೆ ಮಾರಿ ಹೇಗೋ ದಿನ ದೂಡಿದಳು. ಅವಳ ಚುಟ್ಟಕ್ಕೆ ಪಟ್ಟಿಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಎರಡು ವರ್ಷ ಕಳೆಯಿತು. ವರ್ತಕನ ಅವಸರ ಹಾಗೆಯೇ ಉಳಿಯಿತು.

ಒಂದು ಭಾನುವಾರ ನಾಲ್ವರೂ ಎಂದಿನಂತೆ ಕೂಡಿದರು. ಮೇಷ್ಟ್ರು ಐದು ಬಗೆ ತಂದಿದ್ದರು. ಅವುಗಳಲ್ಲಿ ಎರಡನೆಯದು ವರ್ತಕನದು. ಅದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೆಯದನ್ನು ಮೇಷ್ಟ್ರು ಸೇತುವೆಯ ಬಳಿ ಒಬ್ಬ ಗಾಡಿಯವನಿಂದ ಕೇಳಿ ತಂದಿದ್ದರು.

ವರ್ತಕ ಎರಡನೆಯದನ್ನು ಸೇದಿ, ಚೀಟಿಯಲ್ಲಿ ಹೀಗೆ ಬರೆದ: "ಎಲೆ ಮಾಗುವ ಮೊದಲೇ ಸುತ್ತಿದ್ದಾರೆ. ನಾಲಿಗೆ ಕಡಿಯುತ್ತದೆ. ಅವಸರದ ಮಾಲು."

ನಾಲ್ಕನೆಯದನ್ನು ಹಚ್ಚಿದ. ಎರಡು ಸಲ ಎಳೆದು ಕೈ ಕೆಳಗಿಟ್ಟು ಕೂತ. ಮತ್ತೆ ಎಳೆದ. ಅರ್ಧವಾಯಿತು. ಅವನು ಬಿಡಲಿಲ್ಲ. ಬೆರಳು ಸುಡುವವರೆಗೆ ಸೇದಿದ. ಆಮೇಲೆ ಬಹಳ ಹೊತ್ತು ಬರೆದ.

ಚೀಟಿಗಳು ಮೇಷ್ಟ್ರ ಕೈ ಸೇರಿದವು. ಮೇಷ್ಟ್ರು ಅವನ್ನು ಒಂದು ಸಲ ಓದಿಕೊಂಡರು. ಅವರ ಮುಖ ಸ್ವಲ್ಪ ಬದಲಾಯಿತು. ಆದರೂ ಜೇಬಿನ ಹಾಳೆ ತೆಗೆದು ಹೆಸರುಗಳನ್ನು ಓದಿದರು. ಎರಡನೆಯದು ವರ್ತಕನ ಅಜ್ಜನ ಹೆಸರಿನದು. ನಾಲ್ಕನೆಯದು ಯಮನವ್ವನದು.

ವರ್ತಕನ ಚೀಟಿಯಲ್ಲಿ ಏನಿದೆಯೆಂದು ವೈದ್ಯನಿಗೆ ಗೊತ್ತಿರಲಿಲ್ಲ. ಆದರೆ ಅವನು ಬೆರಳು ಸುಟ್ಟುಕೊಂಡದ್ದನ್ನು ಕಂಡಿದ್ದ. ವೈದ್ಯ ಒಳ್ಳೆಯವನು. "ಇವತ್ತು ಗಾಳಿ ಜಾಸ್ತಿ. ಯಾವ ರುಚಿಯೂ ಸರಿಯಾಗಿ ಸಿಗಲಿಲ್ಲ. ಈ ತಿಂಗಳಿನದು ಬಿಟ್ಟುಬಿಡೋಣ" ಎಂದ. ರೈತ ತಲೆಯಾಡಿಸಿದ. ಮೇಷ್ಟ್ರು ಚೀಟಿಯನ್ನು ಮಡಿಚಿ ವರ್ತಕನ ಕೈಯಲ್ಲಿಟ್ಟರು. ಹರಿದು ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ.

ವರ್ತಕ ಚೀಟಿಯನ್ನು ನೋಡುತ್ತ ಕೂತ. ಅವನ ಕಿವಿ ಕೆಂಪಾಗಿತ್ತು. ಆಮೇಲೆ ಎದ್ದು ನಿಂತು ಓದಿದ. ಮೊದಲು ಎರಡನೆಯದಕ್ಕೆ ಬರೆದದ್ದನ್ನು ಓದಿದ. ಒಂದು ಮಾತನ್ನೂ ಬಿಡಲಿಲ್ಲ. ಆಮೇಲೆ ನಾಲ್ಕನೆಯದನ್ನು ಓದಿದ: "ಐದರಲ್ಲಿ ಇದು ಮೊದಲನೆಯದು. ಸಾಧಾರಣ ಎಲೆ. ಆದರೆ ಅದರಿಂದ ಎಷ್ಟು ಸಾಧ್ಯವೋ ಅಷ್ಟನ್ನೂ ತೆಗೆದಿದ್ದಾರೆ. ಸುತ್ತಿದವರಿಗೆ ಎಲೆಯ ಮಾತು ಕೇಳಿಸುತ್ತದೆ. ಅವರು ಯಾರೇ ಆಗಿರಲಿ, ಅವರ ಬಳಿ ಕೂತು ನಾನು ಕಲಿಯಬೇಕು."

ಓದಿ ಮುಗಿಸಿ, "ಮೇಷ್ಟ್ರೇ, ಹಲಗೆಯ ಮೇಲೆ ಎರಡನ್ನೂ ಬರೆಯಿರಿ. ಪೂರ್ತಿಯಾಗಿ ಬರೆಯಿರಿ. ಕೆಳಗೆ ನನ್ನ ಹೆಸರು ಹಾಕಿ" ಎಂದ.

ಮೇಷ್ಟ್ರು ಬರೆದರು. ಪೇಟೆಯಲ್ಲಿ ಗುಲ್ಲೆದ್ದಿತು. ತನ್ನ ಮಾಲನ್ನು ತಾನೇ ಹಳಿದ ವರ್ತಕನನ್ನು ಜನ ಅದುವರೆಗೆ ನೋಡಿರಲಿಲ್ಲ. ಸರಕಿಗೆ ಬಂದಿದ್ದ ಇಬ್ಬರು ಹೊರಗಿನ ವ್ಯಾಪಾರಿಗಳು ಹಲಗೆ ಓದಿ ಹಾಗೆಯೇ ಹಿಂದಿರುಗಿದರು. ಮನೆಯಲ್ಲಿ ಅವನ ಅಣ್ಣ ಅವನೊಡನೆ ಊಟಕ್ಕೆ ಕೂರಲಿಲ್ಲ. ಮೂರನೆಯ ದಿನ ವರ್ತಕ ಚೀಟಿಯನ್ನು ತೆಗೆದುಕೊಂಡು ಯಮನವ್ವನ ಮನೆಗೆ ಹೋದ.

ಅವಳು ಹೊಸ್ತಿಲ ಬಳಿ ಚಾಪೆ ಹಾಸಿ ಕೂತು ಎಲೆಯ ನಡುನಾರು ಸೀಳುತ್ತಿದ್ದಳು. ಏಳಲಿಲ್ಲ.

"ಯಮನವ್ವ, ಪೇಟೆಯ ಹಲಗೆಯ ಮೇಲೆ ಬರೆಸಿದ್ದೇನೆ. ನೋಡಿದೆಯಾ?"

"ನನಗೆ ಓದಲು ಬರುವುದಿಲ್ಲ ಸಾವ್ಕಾರ್ರೆ."

ವರ್ತಕ ಅದನ್ನು ಯೋಚಿಸಿರಲಿಲ್ಲ. ಊರಿಗೆಲ್ಲ ಗೊತ್ತಾದದ್ದು ಅವಳೊಬ್ಬಳಿಗೆ ತಲುಪಿರಲಿಲ್ಲ. ಅವನು ಬೀದಿಯಲ್ಲಿ ನಿಂತೇ ಚೀಟಿ ಬಿಡಿಸಿ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಅವಳು ತಲೆ ಎತ್ತದೆ ಕೇಳಿದಳು.

ಓದಿ ಮುಗಿದ ಮೇಲೆ ಅವಳು ಚಾಕು ಕೆಳಗಿಟ್ಟಳು.

"ಹನ್ನೊಂದು ವರ್ಷ ನೀವು ದಿನವೂ ಸೇದಿದ್ದು ಇದೇ ಕೈಯ ಚುಟ್ಟ. ಆಗ ಈ ಮಾತು ಯಾಕೆ ಬರಲಿಲ್ಲ?"

ವರ್ತಕ ಚೀಟಿಯನ್ನು ಮಡಿಚಿದ. ಆಮೇಲೆ, "ಆಗ ನಾನು ನಮ್ಮಜ್ಜನ ಹೆಸರನ್ನು ಸೇದುತ್ತಿದ್ದೆನವ್ವ" ಎಂದ.

ಅವಳು ಒಂದು ಎಲೆ ಎತ್ತಿಕೊಂಡಳು. ಅದನ್ನು ಸೀಳಲಿಲ್ಲ. ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡಳು.

"ಹೊಗಳಿದ್ದು ಕೇಳಿದೆ. ತಪ್ಪೇನೂ ಕಾಣಲಿಲ್ಲವಾ?"

"ಒಂದು ಕಂಡೆ. ಹೊಗಳುವ ಭರದಲ್ಲಿ ಬರೆಯಲಿಲ್ಲ. ಕೊನೆಯ ಎರಡು ಬೆರಳಿನಷ್ಟು ಜಾಗ ಬಿಗಿಯಾಗಿತ್ತು. ಹೊಗೆ ಕಷ್ಟಪಟ್ಟು ಬಂತು."

ಯಮನವ್ವ ಅಂದು ಮೊದಲ ಸಲ ಅವನ ಮುಖ ನೋಡಿದಳು. ಅರ್ಧಕ್ಕೆ ಬಿಟ್ಟವನಿಗೆ ಅದು ಗೊತ್ತಾಗುವಂತಿರಲಿಲ್ಲ.

"ಹೆಬ್ಬೆರಳಿನ ಗಂಟು ನೋಯುತ್ತದೆ. ಮುಗಿಸುವಾಗ ಒತ್ತು ಹೆಚ್ಚಾಗುತ್ತದೆ. ಯಾರೂ ಹೇಳಿರಲಿಲ್ಲ" ಎಂದಳು. ಚಾಪೆಯ ಮೇಲಿದ್ದ ಎಲೆಗಳನ್ನು ಒಂದು ಕಡೆಗೆ ಸರಿಸಿದಳು. "ಕೂತುಕೊಳ್ಳಿ."

ವರ್ತಕ ಕೂತ. ಅಂದು ಅವರಿಬ್ಬರೂ ಎಲೆಯ ಮಾತನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಎಲೆಗೆ ಎಷ್ಟು ನೀರು ಚಿಮುಕಿಸಬೇಕು, ರಾಶಿಯನ್ನು ಯಾವಾಗ ಮಗುಚಬೇಕು ಎಂದು ಅವನು ಕೇಳಿದ, ಅವಳು ಹೇಳಿದಳು. ಅವನು ಕೇಳಿ ಕಲಿತ. ಅಂಗಡಿಗೆ ಮರಳಿ ಬಾ ಎಂದು ಕರೆದ. ಅವಳು ಒಲ್ಲೆನೆಂದಳು. ಅವನು ಒತ್ತಾಯ ಮಾಡಲಿಲ್ಲ.

ಆಮೇಲೆ ಅಂಗಡಿಯವರು ಅವಳ ಬಾಗಿಲಿಗೇ ಬಂದರು. ಅವಳ ಚುಟ್ಟಕ್ಕೆ ಅವಳ ಹೆಸರಿನ ಪಟ್ಟಿಯಾಯಿತು. ವರ್ತಕ ತನ್ನ ರಾಶಿಯನ್ನು ಪೂರ್ತಿ ಮಾಗಲು ಬಿಟ್ಟ. ಪ್ರತಿ ವರ್ಷ ರಾಶಿ ಕೆಡವುವ ಮೊದಲು ಅವಳನ್ನು ಕರೆಸುತ್ತಿದ್ದ. ಅವಳು ಬಂದು ಒಂದು ಎಲೆ ಮೂಸಿ ಆಯಿತು ಎಂದರೆ ಆಯಿತು, ಇಲ್ಲ ಎಂದರೆ ಇಲ್ಲ. ವೈದ್ಯನ ಜಗಲಿಯಲ್ಲಿ ಅವಳಿಗೂ ಒಂದು ಚಾಪೆ ಹಾಕಿದರು. ಅವಳು ಹೇಳಿದ್ದನ್ನು ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಮೊದಲ ಸಲ ಕೂತಾಗ ವರ್ತಕನ ಚುಟ್ಟಕ್ಕೆ ಅವಳು ಕೊಟ್ಟದ್ದು ನಾಲ್ಕನೆಯ ಸ್ಥಾನ. ಹೆಸರು ತಿಳಿದ ಮೇಲೂ ಅವಳು ಅದನ್ನು ಬದಲಿಸಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ವರ್ತಕ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಹೆಸರು ಮುಚ್ಚಿದ್ದರಿಂದಲೇ ಅವನಿಗೆ ನಿಜ ಕಂಡಿತು. ನಾನೂ ಎಂಟು ಹೆಸರುಗಳನ್ನು ಮುಚ್ಚಿಟ್ಟೇ ಓದುತ್ತೇನೆ" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಮುಚ್ಚುವ ಕೆಲಸವನ್ನು ಯಾವ ಮೇಷ್ಟ್ರಾದರೂ ಮಾಡಿಕೊಟ್ಟಾರು, ಹೆಸರು ಬಿಚ್ಚಿದ ಮೇಲೆ ನೀನೇನು ಮಾಡುವೆ?"