ಕಲ್ಲವ್ವನ ಹೆಸರು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಸಂಗಯ್ಯ ಎಂಬ ಗುರುವಿದ್ದರು. ಸುತ್ತಲಿನ ಊರುಗಳ ಮನೆತನಗಳ ಚರಿತ್ರೆ ಬರೆದಿಡುವುದು ಅವರ ಕಾಯಕ. ದ್ಯಾಮವ್ವ ಅವರ ಶಿಷ್ಯೆ.

ಸೋಮವಾರದಿಂದ ಗುರುವಾರದವರೆಗೆ ಅವಳು ಊರೂರು ತಿರುಗಿ ಹಿರಿಯರನ್ನು ಮಾತಾಡಿಸುವಳು. ಶುಕ್ರವಾರ ಗೋರಿಕಲ್ಲುಗಳ ಪಾಚಿ ಕೆರೆದು ಹೆಸರು ಓದುವಳು. ಶನಿವಾರ ಎಲ್ಲವನ್ನೂ ಗುರುವಿಗೆ ಓದಿ ಹೇಳಿ, ಅವರು ಹೂಂ ಎಂದದ್ದನ್ನು ಮಾತ್ರ ವಂಶದ ಪುಸ್ತಕಕ್ಕೆ ಇಳಿಸುವಳು.

ಆ ಶನಿವಾರ ಬಂದಾಗ ಅವಳ ಮುಖ ಕೆಂಡವಾಗಿತ್ತು.

“ಬಾಳನಗೌಡರ ಮನ್ಯಾಗ ಏನಾತು ಗೊತ್ತೇನ್ರಿ ಅಜ್ಜಾರ? ಅವ್ರ ಮುಂದ ವಂಶಾವಳಿ ಓದಾಕತ್ತಿದ್ದೆ. ‘ತಂಗಿ ಕಲ್ಲವ್ವ’ ಅಂದೆ. ಹಾಳಿ ಕಸ್ಕೊಂಡು ಹರದು ಒಲೀಗೆ ಹಾಕಿದ್ರು. ‘ನೇಕಾರನ ಹಿಂದ ಹೋದಾಕಿ ನಮ್ಮ ಮನ್ಯಾಗ ಹುಟ್ಟೇ ಇಲ್ಲ’ ಅಂದ್ರು.”

“ನೀ ಏನ್ ಮಾಡ್ದಿ?”

“ಎದ್ದು ಬಂದೆ. ದಾರ್ಯಾಗ ಕುಂತು ಬರದೀನಿ. ಕೇಳ್ರಿ.”

ಬಾಳನಗೌಡ ಎಂಥ ಕಟುಕ, ಬದುಕಿದ್ದ ತಂಗಿಯನ್ನು ಹೇಗೆ ಹೂತುಬಿಟ್ಟ, ಅವನ ವಂಶಕ್ಕೆ ಈ ಕಳಂಕ ಎಂದೆಂದಿಗೂ ಇರಲಿ ಎಂದು ಏಳು ಸಾಲು. ಒಂದೇ ಉಸಿರಿಗೆ ಓದಿದಳು.

ಗುರು ಹೂಂ ಎನ್ನಲಿಲ್ಲ.

“ಇದ್ರಾಗ ಸುಳ್ಳು ಏನೈತ್ರಿ?” ಅವಳು ಕೇಳಿದಳು.

“ಸುಳ್ಳಿಲ್ಲ. ಗೌಡನ ಬಗ್ಗೆ ಏಳು ಸಾಲು ಆತು. ಕಲ್ಲವ್ವನ ಬಗ್ಗೆ ಎಷ್ಟು?”

ದ್ಯಾಮವ್ವ ಹಾಳೆ ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ.

“ಅಕಿ ಅದಾಳೋ, ಸತ್ತಾಳೋ? ಮಕ್ಕಳೆಷ್ಟು?”

“ಕೇಳಲಿಲ್ಲರಿ. ಸಿಟ್ಟು ಬಂದಿತ್ತು.”

“ಗೌಡನೂ ಕೇಳಿಲ್ಲ,” ಎಂದು ಗುರು ಪುಸ್ತಕ ಮುಚ್ಚಿಟ್ಟರು.

ದ್ಯಾಮವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಗುರುವಿನ ಮೇಲೂ ಸಿಟ್ಟು ಉಕ್ಕಿತು. ಕೈಮುಗಿಯದೆ ಹೊರಟುಹೋದಳು.

ಸೋಮವಾರದಿಂದ ಮೂರು ಊರುಗಳ ನೇಕಾರರ ಓಣಿಗಳಲ್ಲಿ ಕಲ್ಲವ್ವನ ಬಗ್ಗೆ ವಿಚಾರಿಸಿದಳು. ಬುಧವಾರ, ನಾಲ್ಕನೆಯ ಊರಿನಲ್ಲಿ, ನೂಲು ಸುತ್ತುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ, “ನಾನವ್ವಾ ಕಲ್ಲವ್ವ,” ಎಂದಳು.

ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ಎಲ್ಲರ ಹೆಸರನ್ನೂ ಬರೆಸಿದಳು. ಆಮೇಲೆ ಕೇಳಿದಳು, “ನಮ್ಮಣ್ಣನ ಮಕ್ಕಳು ಮೊಮ್ಮಕ್ಕಳ ಹೆಸರು ನಿನಗ ಗೊತ್ತದಾವೇನು? ಹೇಳು.”

ದ್ಯಾಮವ್ವನಿಗೆ ಅವು ಬಾಯಿಪಾಠ. ಆದರೂ ಹೇಳದೆ ತಿರುಗಿ ಕೇಳಿದಳು.

“ಅವ್ರ ಹೆಸರು ನಿಮಗ್ಯಾಕ ಬೇಕು? ನಿಮ್ಮ ಹೆಸರನ್ನ ಒಲೀಗೆ ಹಾಕ್ಯಾರ ಅವ್ರು!”

ಮುದುಕಿಯ ಕೈ ನಿಂತಿತು. ಕಣ್ಣು ಕಿಡಿಯಾಯಿತು.

“ಸಿಟ್ಟು ನಂದು. ನಲವತ್ತು ವರ್ಷದ್ದು. ನಿನ್ನ ಕೆಲಸ ಹೆಸರು ಹೇಳೋದು. ಹೇಳು.”

ದ್ಯಾಮವ್ವ ಹಲ್ಲು ಕಚ್ಚಿಕೊಂಡು ಒಂದೊಂದೇ ಹೇಳಿದಳು. ಮುದುಕಿ ಒಂದೊಂದನ್ನೂ ಬಾಯೊಳಗೇ ತಿರುಗಿ ಅಂದುಕೊಂಡಳು. ಹನ್ನೊಂದು ಹೆಸರು. ಮುಗಿದ ಮೇಲೆ ಮತ್ತೆ ನೂಲು ಹಿಡಿದಳು.

ಶನಿವಾರ ದ್ಯಾಮವ್ವ ಎಲ್ಲವನ್ನೂ ಗುರುವಿನ ಮುಂದೆ ಓದಿದಳು. ಕಲ್ಲವ್ವ, ಅವಳ ಗಂಡ, ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು.

ಗುರು ಹೂಂ ಎಂದರು. ಪುಸ್ತಕ ತೆರೆದು ಅವಳ ಮುಂದಿಟ್ಟರು.

“ಸಿಟ್ಟು ಹೋತೇನು?”

“ಇಲ್ಲರಿ. ಹೆಚ್ಚಾಗೈತಿ.”

ಗುರು ಲೇಖನಿಯನ್ನು ಅವಳ ಕೈಗೆ ಕೊಟ್ಟರು.

“ಇರಲಿ. ಅಕ್ಷರ ನೆಟ್ಟಗಿರಲಿ.”