ಸುಣ್ಣದ ಚುಕ್ಕೆಯ ಉಣ್ಣಿ

ಈಗಿನವರು ಯಾರೂ ಕಾಣದ ಕಾಲ. ಹುಲ್ಲುಗಾವಲಿನ ಅಂಚಿಗೆ ಒಂದು ಹಟ್ಟಿ. ಹಟ್ಟಿಗೆಲ್ಲ ಒಂದೇ ದೊಡ್ಡ ಕೊಟ್ಟಿಗೆ. ಅಲ್ಲಿ ದನ ಕಾಯುವ ಓಬಜ್ಜ ಇದ್ದನಂತೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚಂತೆ.

ಒಂದು ಮುಂಗಾರಿನಲ್ಲಿ ಹಸುಗಳು ಕೆಂಪು ಗಂಜಲ ಹೊಯ್ಯತೊಡಗಿದವಂತೆ. ಮೈ ಸುಡುವುದು, ಮೇವು ಬಿಡುವುದು, ಕಣ್ಣಿನ ಒಳರೆಪ್ಪೆ ಬಿಳಿಚುವುದು. ಆಮೇಲೆ ಮಲಗಿದ ಹಸು ಏಳುತ್ತಿರಲಿಲ್ಲವಂತೆ. ಕೆರೆಯ ನೀರು ಕೆಟ್ಟಿದೆ, ಹಟ್ಟಿ ಬಿಟ್ಟು ಹೋಗೋಣ ಎಂದು ಗೌಡ ತೀರ್ಮಾನಿಸಿದ.

ಓಬಜ್ಜನಿಗೆ ಒಪ್ಪಿಗೆಯಾಗಲಿಲ್ಲ. ಆ ನೀರನ್ನು ಎಲ್ಲ ಹಸುಗಳೂ ಕುಡಿಯುತ್ತವೆ. ಬೀಳುವುದು ಮೈತುಂಬ ಉಣ್ಣಿ ಕಚ್ಚಿದ ಹಸುಗಳೇ. ಯಾಕೆ?

ಆ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತಂತೆ. ಕಿತ್ತ ಉಣ್ಣಿಯನ್ನು ಹೊಸಕುವಂತಿಲ್ಲ. ಅದರ ಹೊಟ್ಟೆಯಲ್ಲಿರುವುದು ಹಸುವಿನ ರಕ್ತ. ಅದನ್ನು ಚೆಲ್ಲಿದರೆ ಪಾಪ. ಹಾಗಾಗಿ ಮೆಲ್ಲಗೆ ಗೋಡೆಯ ಬಿರುಕಿಗೆ ಬಿಡುತ್ತಿದ್ದರಂತೆ.

ಓಬಜ್ಜ ಗೌಡನಲ್ಲಿ ಮೂರು ದಿನದ ಗಡುವು ಕೇಳಿದ. ಅವನ ಎದುರಿಗೇ ತನ್ನ ಹಸು ಕೆಂಚಿಯ ಮೈಯಿಂದ ಉಣ್ಣಿ ಕಿತ್ತ. ಎಲೆಯಡಿಕೆ ಚೀಲದ ಸುಣ್ಣ ತೆಗೆದು, ಒಂದೊಂದರ ಬೆನ್ನಿಗೂ ಕಡ್ಡಿಯಿಂದ ಚುಕ್ಕೆ ಇಟ್ಟ. ಕಟ್ಟಳೆಯಂತೆ ಗೋಡೆಗೆ ಬಿಟ್ಟ.

ಹೆಂಡತಿ ಗಿರಿಯವ್ವ ನೋಡಿದಳು. "ನನಗೆ ಒಂದು ದಿನ ಕುಂಕುಮ ತಂದವನಲ್ಲ. ಉಣ್ಣಿಗೆ ಬೊಟ್ಟಿಡ್ತಾ ಕೂತವ್ನೆ" ಅಂದಳಂತೆ.

ಮೂರನೇ ಬೆಳಿಗ್ಗೆ ಗೌಡನ ಹಸುವಿನ ಬಾಲದ ಬುಡದಲ್ಲಿ ಬಿಳಿ ಚುಕ್ಕೆಯ ಉಣ್ಣಿ ಐದು.

"ಇದು ನಿನ್ನ ಕೆಂಚಿಯದಲ್ವಾ, ಅಜ್ಜ?"

"ಹೂಂ ಗೌಡ. ನಿಮ್ಮಲ್ಲಿಗೆ ನೆಂಟಸ್ತನಕ್ಕೆ ಬಂದವೆ."

ಬಿಟ್ಟ ಉಣ್ಣಿಯೇ ಒಂದರ ರೋಗ ಇನ್ನೊಂದಕ್ಕೆ ಒಯ್ಯುತ್ತದೆ, ಸುಡಬೇಕು ಎಂದಾಗ ಪಾಪದ ಮಾತು ಎದ್ದಿತು. ಅದು ತನ್ನ ತಲೆಗಿರಲಿ ಎಂದು ಓಬಜ್ಜ ಮಡಕೆಯಲ್ಲಿ ಕೆಂಡ ತಂದು, ಉಣ್ಣಿಗಳನ್ನು ಒಂದೊಂದಾಗಿ ಹಾಕಿದನಂತೆ. ಬಿರುಕುಗಳಿಗೆ ಬೆಂಕಿ ಹಿಡಿದು, ಮಣ್ಣು ಮೆತ್ತಿದನಂತೆ. ಒಂದು ತಿಂಗಳು ಹೀಗೇ ಮಾಡಿ, ನೀರು ಮಾತ್ರ ಅದೇ ಕೆರೆಯದಿರಲಿ, ಆಮೇಲೆ ಬೇಕಾದರೆ ಹೋಗಿ ಅಂದನಂತೆ.

ಕೆಂಚಿ ಉಳಿಯಲಿಲ್ಲ. ಅದರ ರೆಪ್ಪೆ ಆಗಲೇ ಬಿಳಿಚಿತ್ತು. ಪಾಪ ತಟ್ಟಿತು ಎಂದರು ಕೆಲವರು. ಮಾರನೆಯ ದಿನ ಓಬಜ್ಜ ಪಕ್ಕದ ಹಸುವಿನ ಕಿವಿ ತಿರುಗಿಸಿ ಉಣ್ಣಿ ಹುಡುಕುತ್ತಿದ್ದನಂತೆ. ತಿಂಗಳು ಕಳೆಯಿತು. ಅದೇ ನೀರು ಕುಡಿದು ಉಳಿದ ಹಸುಗಳು ಬದುಕಿದವು. ಗಂಟು ಕಟ್ಟಿದವರು ಗಂಟು ಬಿಚ್ಚಿದರು.

ಈಗಲೂ ಆ ಹಟ್ಟಿಗೆ ಹೊಸ ಸೊಸೆ ತವರಿನ ಹಸು ಹೊಡೆದುಕೊಂಡು ಬಂದರೆ, ಓಬಜ್ಜನ ಹೆಸರು ಹೇಳಿ ಮೊದಲು ಹಸುವಿನ ಕಿವಿ, ಬಾಲ, ಕೆಚ್ಚಲು ನೋಡುತ್ತಾರೆ. ಮುಗಿಯುವ ತನಕ ಸೊಸೆ ಹೊಸಿಲಿನ ಆಚೆಯೇ. ಅವಳಿಗೂ ಬೇಸರವಿಲ್ಲ. ಸೆರಗು ಸಿಕ್ಕಿಸಿ, ತಾನೂ ಬಗ್ಗಿ ಹುಡುಕುತ್ತಾಳೆ.