ಎರಕಕ್ಕೆ ಮುಂಚೆ

"ಸರ್, ಮದ್ದು ಚುಚ್ಚಿದ ಮೇಲೆ ರೋಗಿಯಿಂದ ಎಷ್ಟು ದೂರ ನಿಲ್ಲಬೇಕು?" ಎಂದು ದಾಕ್ಷಾಯಿಣಿ ಕೇಳಿದಳು.

ಉತ್ತರ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಳು. ಈಗ ಆಸ್ಪತ್ರೆಯ ಅಣುವೈದ್ಯ ವಿಭಾಗಕ್ಕೆ ತರಬೇತಿಗೆ ಬಂದಿದ್ದಳು. ಅಲ್ಲಿ ರೋಗಿಗೆ ವಿಕಿರಣ ಬೆರೆತ ಮದ್ದು ಚುಚ್ಚುತ್ತಾರೆ. ಆಮೇಲೆ ರೋಗಿಯ ಮೈಯಿಂದಲೇ ಕಿರಣ ಹೊರಡುತ್ತದೆ. ಅದನ್ನು ಹಿಡಿದು ಕ್ಯಾಮೆರಾ ಎಲುಬಿನ ಚಿತ್ರ ತೆಗೆಯುತ್ತದೆ. ರೋಗಿಗೆ ಅದು ಒಂದು ದಿನದ ಮಾತು. ದಿನವೂ ಅದರಲ್ಲೇ ಕೆಲಸ ಮಾಡುವವರು ಮಾತ್ರ ವಿನಾಕಾರಣ ಹತ್ತಿರ ನಿಲ್ಲಬಾರದು.

ಅಂದು ಬೆಳಿಗ್ಗೆ ಒಬ್ಬ ಅಜ್ಜಿಗೆ ಮದ್ದು ಚುಚ್ಚುವ ಸರದಿ ಅವಳದಾಗಿತ್ತು. ಬೇಗ ಮುಗಿಸಿ ಬಾಗಿಲ ಬಳಿಗೆ ಸರಿದಳು. ಅಜ್ಜಿ ಕೈ ಚಾಚಿ, "ಒಸಿ ಇಲ್ಲೇ ಕೂತ್ಕೊ ಕಣವ್ವ, ಎದೆ ಡವಡವ ಅಂತದೆ" ಎಂದಳು. ದಾಕ್ಷಾಯಿಣಿ ನಿಯಮ ನೆನೆದು ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಕ್ಯಾಮೆರಾದ ಕೆಳಗೆ ಅಜ್ಜಿಯ ನಡುಕ ನಿಲ್ಲಲಿಲ್ಲ. ಚಿತ್ರ ಕಲಸಿಹೋಯಿತು, ಇನ್ನೊಂದು ದಿನ ಬಂದು ಮತ್ತೆ ಮದ್ದು ಚುಚ್ಚಿಸಿಕೊಳ್ಳಬೇಕು. ಹೋಗುವಾಗ ಅಜ್ಜಿ ತನ್ನ ಮಗಳಿಗೆ ಹೇಳಿದ್ದು ದಾಕ್ಷಾಯಿಣಿಯ ಕಿವಿಗೆ ಬಿತ್ತು. "ಮುಟ್ಬಾರದ ಕಾಯ್ಲೆ ಬಂದದೆ ನಂಗೆ. ನೀನೂ ದೂರ ಇರು." ಅದನ್ನು ಕೇಳಿದಾಗಿನಿಂದ ದಾಕ್ಷಾಯಿಣಿಗೆ ಈ ಓದೇ ಬೇಡವೆನಿಸಿತ್ತು.

ಅವಳಿಗೆ ಕಲಿಸುತ್ತಿದ್ದ ಗುರುಪಾದಯ್ಯನವರು ಬೆಳಗಿನದನ್ನೆಲ್ಲ ಕಂಡಿದ್ದರು. ಆದರೆ ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಜಾಯಮಾನದವರಲ್ಲ. ಒಂದು ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಅವನ ಬಳಿ ಒಬ್ಬ ಶಿಷ್ಯನಿದ್ದ. ಊರವರು ಗಂಟೆಯೊಂದನ್ನು ಎರೆಯಿಸಲು ಮನೆಮನೆಯಿಂದ ಹಳೆಯ ಕಂಚು ತಂದುಕೊಟ್ಟರು. ಒಬ್ಬ ಮುದುಕಿ ತೀರಿಹೋದ ಮಗ ಉಣ್ಣುತ್ತಿದ್ದ ತಟ್ಟೆಯನ್ನೇ ಕೊಟ್ಟಳು. ಗಂಟೆಯ ದನಿಯಲ್ಲಾದರೂ ಅವನು ಕೇಳಿಸಲಿ ಎಂಬುದು ಅವಳ ಆಸೆ.

ಎರಕ ಹೊಯ್ಯುವ ಮೊದಲು ಮಣ್ಣಿನ ಅಚ್ಚಿನೊಳಗೆ ಕೈಹಾಕಿ ಸುತ್ತಲೂ ತಡವಿ ನೋಡಬೇಕು. ಎಲ್ಲೋ ಒಂದು ಕಡೆ ಪಸೆ ಉಳಿದಿದ್ದರೂ ಕಾದ ಲೋಹ ಬಿದ್ದೊಡನೆ ಅಚ್ಚು ಸಿಡಿಯುತ್ತದೆ. ಆ ಕೆಲಸ ಶಿಷ್ಯನದು. ಪಕ್ಕದಲ್ಲಿ ಕುಲುಮೆ ಭುಗಿಲೆನ್ನುತ್ತಿತ್ತು. ಅವನ ಕೈ ಅಚ್ಚಿನಲ್ಲಿತ್ತು, ಜೀವವೆಲ್ಲ ಕುಲುಮೆಯ ಕಡೆಗಿತ್ತು. ಮೇಲೆ ಮೇಲೆ ತಡವಿ, ಆಯಿತೆಂದು ಎದ್ದ. ಕಂಚು ಹೊಯ್ಯುವಾಗ ಗುರು ಕಲಿಸಿದಷ್ಟೇ ದೂರದಲ್ಲಿ ನಿಂತ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ.

ಅಚ್ಚು ಸಿಡಿಯಿತು. ಯಾರಿಗೂ ಗಾಯವಾಗಲಿಲ್ಲ. ಗಂಟೆ ಮಾತ್ರ ಸೀಳಿಹೋಯಿತು. ಮುದುಕಿ ಬಂದು ಸೀಳನ್ನು ಸವರಿದಳು. ತನ್ನ ತಟ್ಟೆಯದೇ ಏನೋ ದೋಷವಿರಬೇಕೆಂದು ಹೇಳಿ ಹೋದಳು.

ಶಿಷ್ಯ ಆ ಮಾತು ತಾಳಲಾರದೆ ಗುರುವಿನ ಕಾಲಿಗೆ ಬಿದ್ದ. ಮುಂದಿನ ಸಲ ಬೆಂಕಿಯ ಹತ್ತಿರವೇ ನಿಲ್ಲುತ್ತೇನೆ, ಸುಟ್ಟರೆ ಸುಡಲಿ ಎಂದ.

"ಅಟ್ಟ ಮೇಲೆ ಒಲೆ ಉರಿಸಿದರೆ ಯಾರಿಗೆ ಊಟ?" ಎಂದ ಕಂಚುಗಾರ. "ಬೆಂಕಿಗೆ ನಾನೂ ದೂರವೇ ನಿಲ್ಲುತ್ತೇನೆ." ಹಾಗೆಂದು ಶಿಷ್ಯನ ಕೈ ಹಿಡಿದುಕೊಂಡು ಹೋಗಿ, ಹೊಸ ಅಚ್ಚಿನ ಮುಂದೆ ಕೂರಿಸಿದ.

ಕತೆ ಅಲ್ಲಿಗೆ ನಿಂತಿತು. ಹಾಗಾದರೆ ತಾನು ಹಿಂದೆ ಸರಿದದ್ದು ತಪ್ಪೇ ಎಂದು ದಾಕ್ಷಾಯಿಣಿ ಕೇಳಿದಳು.

"ತಪ್ಪಲ್ಲಮ್ಮ. ಆದರೆ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಆ ತಾಯಿಯ ಹತ್ತಿರ ಎಷ್ಟು ಹೊತ್ತು ಕೂತಿದ್ದೆ?" ಎಂದರು ಗುರುಪಾದಯ್ಯನವರು.

ದಾಕ್ಷಾಯಿಣಿ ಎದ್ದು ಹೋಗಿ, ಇನ್ನೂ ಮದ್ದು ಚುಚ್ಚದೆ ಸರದಿಗೆ ಕಾಯುತ್ತಿದ್ದ ರೋಗಿಯ ಪಕ್ಕದಲ್ಲಿ ಕೂತಳು.